ಯಾವ ದೇಶದಲ್ಲಿ ಕ್ಯಾಥೋಲಿಕರು ಬಹುಸಂಖ್ಯಾತರು? ಲೆಕ್ಕ ಹಾಕಿ ತೀರ್ಮಾನಿಸುವ ಸಮಗ್ರ ಮಾರ್ಗದರ್ಶಿ

ಬ್ರೆಜಿಲ್‌ನ 2022ರ ಜನಗಣತಿ ಪ್ರಕಾರ ಅಲ್ಲಿನ ಕ್ಯಾಥೋಲಿಕರು ಸುಮಾರು 10 ಕೋಟಿ. 2025ರಲ್ಲಿ ಪ್ರಕಟವಾದ ವ್ಯಾಟಿಕನ್ ಅಂಕಿಅಂಶದಲ್ಲಿ ಅದೇ ದೇಶಕ್ಕೆ 18.2 ಕೋಟಿ ಎಂದಿದೆ. ನಡುವೆ ಎಂಟು ಕೋಟಿ ಜನರ ಅಂತರ. ಆದರೂ ಎರಡರಲ್ಲಿ ಒಂದನ್ನೂ ಸುಳ್ಳು ಎನ್ನುವಂತಿಲ್ಲ. ಜನಗಣತಿಯವರು ಮನೆಬಾಗಿಲಿಗೆ ಹೋಗಿ, ಹತ್ತು ವರ್ಷ ತುಂಬಿದವರ ಧರ್ಮ ಯಾವುದೆಂದು ಕೇಳಿ ಬರೆದುಕೊಂಡರು. ಚರ್ಚು ಜ್ಞಾನಸ್ನಾನ (ಸಭೆಗೆ ಸೇರಿಸಿಕೊಳ್ಳುವ ವಿಧಿ, ಬ್ಯಾಪ್ಟಿಸಮ್) ಪಡೆದವರನ್ನೆಲ್ಲ ಎಣಿಸಿತು. ಯಾರನ್ನು ಎಣಿಸಿದರು, ಹೇಗೆ ಎಣಿಸಿದರು, ಯಾವ ವರ್ಷ ಎಣಿಸಿದರು ಎಂಬುದನ್ನು ಬಿಟ್ಟು ಬರೇ ಶೇಕಡಾವಾರನ್ನು ಎತ್ತಿಕೊಂಡರೆ ಅದರಿಂದ ಯಾವ ತೀರ್ಮಾನಕ್ಕೂ ಬರಲಾಗದು. ವಿಕಿಪೀಡಿಯಾಕ್ಕೆ ಬರೆಯುವವರು, ಪತ್ರಿಕೆಗೆ ನಕ್ಷೆ ಮಾಡುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ಟಿಪ್ಪಣಿ ಮಾಡಿಕೊಳ್ಳುವವರು ಸ್ವತಃ ಲೆಕ್ಕ ಹಾಕಲು ಬೇಕಾದ ಕ್ರಮ ಮುಂದಿದೆ.

ಹಂತ 1: ಮೊದಲು ಪ್ರಶ್ನೆಯನ್ನು ಬಿಗಿ ಮಾಡಿಕೊಳ್ಳಿ

"ಬಹುಸಂಖ್ಯಾತ" ಎಂದರೆ ಅರ್ಧಕ್ಕಿಂತ ಹೆಚ್ಚು, ಅಂದರೆ ಶೇ 50ನ್ನು ದಾಟಿರಬೇಕು. ಎಲ್ಲರಿಗಿಂತ ದೊಡ್ಡ ಗುಂಪು ಎಂಬುದು ಬೇರೆ ಮಾತು. ಅಂಗೋಲಾದ 2014ರ ಜನಗಣತಿಯಲ್ಲಿ ಕ್ಯಾಥೋಲಿಕರೇ ಅತಿ ದೊಡ್ಡ ಧಾರ್ಮಿಕ ಗುಂಪು, ಆದರೆ ಅವರ ಪಾಲು ಶೇ 41.1. ಆಸ್ಟ್ರೇಲಿಯಾದಲ್ಲಿ 2021ರಲ್ಲಿ ಶೇ 20ರಷ್ಟಿದ್ದೂ ಕ್ರೈಸ್ತ ಪಂಗಡಗಳಲ್ಲಿ ಅವರೇ ಮೊದಲು. ಇವೆರಡೂ ಕ್ಯಾಥೋಲಿಕ್ ಬಹುಸಂಖ್ಯಾತ ದೇಶಗಳಲ್ಲ. ಒಟ್ಟು ತಲೆಯೆಣಿಕೆಯೂ ದಾರಿ ತಪ್ಪಿಸುತ್ತದೆ. ಅಮೆರಿಕದಲ್ಲಿ ವಯಸ್ಕ ಕ್ಯಾಥೋಲಿಕರೇ ಐದು ಕೋಟಿಯಷ್ಟಿದ್ದಾರೆ, ಆದರೂ ವಯಸ್ಕರಲ್ಲಿ ಅವರ ಪಾಲು ಐದರಲ್ಲೊಂದು.

ಮುಂದೆ, ಯಾರನ್ನು ಕ್ಯಾಥೋಲಿಕ್ ಎನ್ನುತ್ತೀರಿ ಎಂದು ನಿರ್ಧರಿಸಿ. ಮೂರು ಬಗೆಯ ಉತ್ತರಗಳಿವೆ: ಜ್ಞಾನಸ್ನಾನ ಪಡೆದವರು, ತಮ್ಮನ್ನು ಕ್ಯಾಥೋಲಿಕ್ ಎಂದು ಹೇಳಿಕೊಳ್ಳುವವರು, ವಾರವಾರ ಚರ್ಚಿನ ಬಲಿಪೂಜೆಗೆ (ಮಾಸ್) ಹೋಗುವವರು. ಮೂರನೆಯದನ್ನು ಹಿಡಿದರೆ ಯುರೋಪಿನಲ್ಲಿ ಒಂದು ದೇಶ ಉಳಿಯುವುದೂ ಕಷ್ಟ. ದೇಶದೇಶಗಳನ್ನು ಹೋಲಿಸುವಾಗ ಎರಡನೆಯದೇ ಸರಿಯಾದ ಅಳತೆ, ಏಕೆಂದರೆ ಅದು ಜನರದೇ ಮಾತು, ಮತ್ತು ಹೆಚ್ಚು ದೇಶಗಳಲ್ಲಿ ಸಿಗುವುದೂ ಅದೇ. ಯಾವುದನ್ನು ಆರಿಸಿದರೂ ಪಟ್ಟಿಯ ತಲೆಬರಹದಲ್ಲೇ ಬರೆಯಿರಿ. ಒಂದು ದೇಶಕ್ಕೆ ಒಂದು ಅಳತೆ, ಇನ್ನೊಂದಕ್ಕೆ ಇನ್ನೊಂದು ಮಾಡಬೇಡಿ.

"ದೇಶ" ಎಂದರೆ ಯಾವುದು ಎಂಬುದನ್ನೂ ಮೊದಲೇ ನಿಗದಿ ಮಾಡಿ. ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳು, ಜೊತೆಗೆ ವ್ಯಾಟಿಕನ್ ಎಂದಿಟ್ಟುಕೊಂಡರೆ ಗೊಂದಲ ಕಡಿಮೆ. ಕ್ವಿಬೆಕ್‌ನಲ್ಲಿ 2021ರಲ್ಲಿ ಕ್ಯಾಥೋಲಿಕರು ಶೇ 53.8 ಇದ್ದರು, ಆದರೆ ಅದು ಕೆನಡಾದ ಒಂದು ಪ್ರಾಂತ್ಯ. ಇಡೀ ಕೆನಡಾದಲ್ಲಿ ಅವರು ಶೇ 29.9.

ಸಂವಿಧಾನವನ್ನು ನೋಡಿ ಉತ್ತರ ಬರೆಯುವವರೂ ಇದ್ದಾರೆ. ಅದು ಬೇಡ. ಕೋಸ್ಟರಿಕಾ ಸಂವಿಧಾನದ 75ನೇ ವಿಧಿ ಕ್ಯಾಥೋಲಿಕ್ ಧರ್ಮವನ್ನು ರಾಜ್ಯಧರ್ಮ ಎನ್ನುತ್ತದೆ, ಸಮೀಕ್ಷೆಗಳಲ್ಲಿ ಮಾತ್ರ ಅಲ್ಲಿನ ಪಾಲು ಅರ್ಧದ ಆಚೀಚೆ ಓಲಾಡುತ್ತಿದೆ. ಚರ್ಚನ್ನೂ ಸರಕಾರವನ್ನೂ ಕಟ್ಟುನಿಟ್ಟಾಗಿ ಬೇರೆಯಿಟ್ಟ ಮೆಕ್ಸಿಕೊದಲ್ಲಿ 2020ರ ಜನಗಣತಿಗೆ ಶೇ 77.7 ಜನ ಕ್ಯಾಥೋಲಿಕ್ ಎಂದು ಉತ್ತರಿಸಿದರು.

ಹಂತ 2: ಪರೀಕ್ಷಿಸಬೇಕಾದ ದೇಶಗಳ ಕಚ್ಚಾ ಪಟ್ಟಿ

194 ದೇಶಗಳನ್ನೂ ಜಾಲಾಡಬೇಕಿಲ್ಲ. ಹಳೆಯ ಸ್ಪೇನ್, ಪೋರ್ಚುಗಲ್, ಫ್ರಾನ್ಸ್, ಬೆಲ್ಜಿಯಂ ವಸಾಹತುಗಳನ್ನು ಬರೆದುಕೊಳ್ಳಿ. ದಕ್ಷಿಣ ಮತ್ತು ಮಧ್ಯ ಯುರೋಪನ್ನು ಸೇರಿಸಿ. ಐರ್ಲೆಂಡ್, ಪೋಲೆಂಡ್, ಲಿಥುವೇನಿಯಾ ಹಾಕಿ. ಅಂಡೋರಾ, ಮೊನಾಕೊ, ಸ್ಯಾನ್ ಮರಿನೊ, ಲಿಕ್ಟೆನ್‌ಸ್ಟೈನ್, ಮಾಲ್ಟಾದಂಥ ಪುಟ್ಟ ದೇಶಗಳನ್ನು ಮರೆಯಬೇಡಿ. ಜನ ಸಾಮಾನ್ಯವಾಗಿ ಬಿಟ್ಟುಬಿಡುವವು ಇವು: ಪೂರ್ವ ಟಿಮೋರ್ (2015ರಲ್ಲಿ ಶೇ 97.6, ಏಷ್ಯಾದಲ್ಲೇ ಅತಿ ಹೆಚ್ಚು), ಪೆಸಿಫಿಕ್ ಸಾಗರದ ಕಿರಿಬಾಟಿ (2020ರಲ್ಲಿ ಶೇ 58.9), ಆಫ್ರಿಕಾದ ಬುರುಂಡಿ (2008ರಲ್ಲಿ ಶೇ 62.1), ಕೇಪ್ ವರ್ಡೆ, ಸೆಶೆಲ್ಸ್, ಸಾವೊ ಟೊಮೆ.

ಹಂತ 3: ಜನಗಣತಿಯ ಮೂಲ ಕೋಷ್ಟಕ ಹುಡುಕಿ

ಒಂದೇ ಪುಟದಲ್ಲಿ ಎಲ್ಲ ದೇಶಗಳ ಶೇಕಡಾವಾರು ಕೊಡುವ ಸಿದ್ಧ ಪಟ್ಟಿಗಳಲ್ಲಿ ಒಂದು ದೇಶದ್ದು 2001ರ ಅಂಕಿ, ಪಕ್ಕದ್ದು 2022ರದ್ದು. ಒಂದು ಜನಗಣತಿಯದ್ದಾದರೆ ಇನ್ನೊಂದು ಚರ್ಚಿನದ್ದು. ಅವು ಕಚ್ಚಾ ಪಟ್ಟಿ ಮಾಡಲು ಸಾಕು, ತೀರ್ಪು ಕೊಡಲು ಸಾಲವು. ಆಯಾ ದೇಶದ ಅಂಕಿಅಂಶ ಇಲಾಖೆಯ ಜಾಲತಾಣಕ್ಕೇ ಹೋಗಿ. ಬ್ರೆಜಿಲ್‌ಗೆ ಐಬಿಜಿಇ, ಮೆಕ್ಸಿಕೊಗೆ ಇನೆಗಿ, ಐರ್ಲೆಂಡ್‌ಗೆ ಸಿಎಸ್ಒ, ಫಿಲಿಪೀನ್ಸ್‌ಗೆ ಪಿಎಸ್ಎ. ಭಾಷೆ ಬಾರದಿದ್ದರೂ ಅಡ್ಡಿಯಿಲ್ಲ, ಕೋಷ್ಟಕದ ತಲೆಬರಹ ಮತ್ತು ಅಡಿಟಿಪ್ಪಣಿಯನ್ನು ಅನುವಾದ ಯಂತ್ರಕ್ಕೆ ಹಾಕಿದರೆ ಸಾಕು. ಆದರೆ ಅಡಿಟಿಪ್ಪಣಿಯನ್ನು ಓದದೆ ಬಿಡಬೇಡಿ, ಹೆಚ್ಚಿನ ತಪ್ಪುಗಳು ಹುಟ್ಟುವುದೇ ಅಲ್ಲಿ.

ಎಲ್ಲ ದೇಶಗಳೂ ಧರ್ಮ ಕೇಳುವುದಿಲ್ಲ. ಫ್ರಾನ್ಸ್ 1872ರ ನಂತರ ಜನಗಣತಿಯಲ್ಲಿ ಕೇಳಿಲ್ಲ. ಇಟಲಿ, ಸ್ಪೇನ್, ಬೆಲ್ಜಿಯಂ, ಅರ್ಜೆಂಟೀನಾ ಕೂಡ ಕೇಳುವುದಿಲ್ಲ. ಸ್ಪೇನ್ ಸಂವಿಧಾನದ 16ನೇ ವಿಧಿಯಂತೆ ಧರ್ಮವನ್ನು ಹೇಳಲೇಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಸ್ಲೊವೇನಿಯಾ 2002ರಲ್ಲಿ ಕೇಳಿತ್ತು, ಆಗ ಶೇ 57.8 ಬಂತು. 2011ರಿಂದ ಸರಕಾರಿ ದಾಖಲೆಗಳಿಂದಲೇ ಜನಗಣತಿ ಮಾಡುತ್ತಿರುವುದರಿಂದ ಆ ಪ್ರಶ್ನೆಯೇ ಇಲ್ಲ. ಇಂಥ ದೇಶಗಳನ್ನು ಬೇರೆ ಗುಂಪಾಗಿ ಎತ್ತಿಡಿ, ಅವಕ್ಕೆ ಹಂತ 7 ಇದೆ.

ಹಂತ 4: ಪ್ರಶ್ನೆಯ ಮಾತು, ವಯಸ್ಸಿನ ಮಿತಿ

ಪ್ರಶ್ನಾವಳಿಯ ಪ್ರತಿ ಅದೇ ಜಾಲತಾಣದಲ್ಲಿ ಸಿಗುತ್ತದೆ. ತೆಗೆದು ನೋಡಿ. ಐರ್ಲೆಂಡ್ 2016ರಲ್ಲಿ "ನಿಮ್ಮ ಧರ್ಮ ಯಾವುದು?" ಎಂದು ಕೇಳಿತ್ತು. 2022ರಲ್ಲಿ "ನಿಮಗೆ ಧರ್ಮವೇನಾದರೂ ಇದ್ದರೆ, ಯಾವುದು?" ಎಂದು ಬದಲಿಸಿ, "ಧರ್ಮವಿಲ್ಲ" ಎಂಬ ಆಯ್ಕೆಯನ್ನು ಕೊನೆಯಿಂದ ಮೊದಲಿಗೆ ತಂದಿತು. ಕ್ಯಾಥೋಲಿಕರ ಪಾಲು 79ರಿಂದ 69ಕ್ಕೆ ಇಳಿಯಿತು. ಆ ಹತ್ತು ಅಂಶವೂ ಜನ ಧರ್ಮ ಬಿಟ್ಟದ್ದರಿಂದಲೇ ಎಂದು ಹೇಳಲಾಗದು, ಪ್ರಶ್ನೆ ಬದಲಾದದ್ದರ ಪಾಲೂ ಅದರಲ್ಲಿದೆ. ಬಹುಮತದ ತೀರ್ಮಾನಕ್ಕೆ ಇದರಿಂದ ತೊಂದರೆಯಿಲ್ಲ, ಇಳಿಕೆಯ ವೇಗ ಹೇಳುವಾಗ ಮಾತ್ರ ಎಚ್ಚರ ಬೇಕು. ಅಂದಹಾಗೆ 2016ಕ್ಕೆ ಕೆಲವೆಡೆ 78.3 ಎಂದೂ ಕಾಣುತ್ತೀರಿ. ಅದು ಗಣತಿಯ ರಾತ್ರಿ ದೇಶದಲ್ಲಿದ್ದವರೆಲ್ಲರ ಲೆಕ್ಕ, 79 ಎಂಬುದು ಕಾಯಂ ನಿವಾಸಿಗಳ ಲೆಕ್ಕ.

ಉತ್ತರ ಐರ್ಲೆಂಡ್ ಎರಡು ಪ್ರಶ್ನೆ ಕೇಳುತ್ತದೆ. ಈಗಿನ ಧರ್ಮ ಎಂದು ಕೇಳಿದಾಗ 2021ರಲ್ಲಿ ಕ್ಯಾಥೋಲಿಕರು ಶೇ 42.3. ಬೆಳೆದ ಧರ್ಮವನ್ನೂ ಸೇರಿಸಿದರೆ 45.7. ಪತ್ರಿಕೆಗಳು ಎರಡನ್ನೂ "ಕ್ಯಾಥೋಲಿಕರ ಪಾಲು" ಎಂದೇ ಬರೆಯುತ್ತವೆ.

ವಯಸ್ಸಿನ ಮಿತಿ ಹೀಗಿದೆ: ಬ್ರೆಜಿಲ್ 2022ರಲ್ಲಿ 10 ವರ್ಷ ಮೇಲ್ಪಟ್ಟವರು (ಶೇ 56.7), ಪೆರು 2017ರಲ್ಲಿ 12 ಮೇಲ್ಪಟ್ಟವರು (76), ಪೋರ್ಚುಗಲ್ 2021ರಲ್ಲಿ 15 ಮೇಲ್ಪಟ್ಟವರಲ್ಲಿ ಉತ್ತರಿಸಿದವರು (80.2), ಮಾಲ್ಟಾ 2021ರಲ್ಲಿ 15 ಮೇಲ್ಪಟ್ಟವರು (82.6). ಶೇಕಡಾವಾರನ್ನು ಹಾಗೇ ಬಳಸಬಹುದು. ಆದರೆ 15 ಮೇಲ್ಪಟ್ಟವರ ಶೇಕಡಾವಾರನ್ನು ಒಟ್ಟು ಜನಸಂಖ್ಯೆಗೆ ಗುಣಿಸಿ "ಇಷ್ಟು ಕೋಟಿ ಕ್ಯಾಥೋಲಿಕರು" ಎಂದು ಬರೆಯಬಾರದು, ಅದು ಮಕ್ಕಳ ಧರ್ಮವನ್ನು ಊಹಿಸಿದಂತೆ. ಹಳೆಯ ಗಣತಿಗೆ ಹೋಲಿಸುವಾಗಲೂ ಅದೇ ವಯಸ್ಸಿನ ಅಂಕಿ ಬೇಕು. ಬ್ರೆಜಿಲ್‌ನ 2010ರ ಪಾಲು ಎಲ್ಲ ವಯಸ್ಸಿನವರಲ್ಲಿ 64.6 ಇತ್ತು, 10 ಮೇಲ್ಪಟ್ಟವರಲ್ಲಿ 65.1. 56.7ನ್ನು ಹೋಲಿಸಬೇಕಾದದ್ದು 65.1ಕ್ಕೆ.

ಹಂತ 5: ಯಾವ ಸಾಲು ಕೂಡಿಸಬೇಕು, ಯಾವುದು ಬಿಡಬೇಕು

ಕ್ಯಾಥೋಲಿಕ್ ಎಂದರೆ ಬರೀ "ರೋಮನ್ ಕ್ಯಾಥೋಲಿಕ್" ಎಂಬ ಸಾಲಲ್ಲ. ಪೋಪರ ಅಧಿಕಾರ ಒಪ್ಪುವ 23 ಪೌರಸ್ತ್ಯ ಸಭೆಗಳೂ (ಗ್ರೀಕ್ ಕ್ಯಾಥೋಲಿಕ್, ಸಿರೋ ಮಲಬಾರ್ ಮುಂತಾದವು) ಕ್ಯಾಥೋಲಿಕ್ ಸಭೆಗಳೇ. ಸ್ಲೊವಾಕಿಯಾದ 2021ರ ಕೋಷ್ಟಕದಲ್ಲಿ ರೋಮನ್ ಕ್ಯಾಥೋಲಿಕ್ 55.8, ಗ್ರೀಕ್ ಕ್ಯಾಥೋಲಿಕ್ 4. ಕೂಡಿದರೆ 59.8. ಪಟ್ಟಿಯಲ್ಲಿ ಇವೆರಡು ದೂರದೂರ ಇರುವುದರಿಂದ ಎರಡನೆಯದು ಕೈತಪ್ಪುತ್ತದೆ. ಅರ್ಧದ ಗಡಿಯಲ್ಲಿರುವ ದೇಶದಲ್ಲಿ ಈ ನಾಲ್ಕು ಅಂಶವೇ ತೀರ್ಪನ್ನು ತಿರುಗಿಸಬಲ್ಲದು.

ಈ ವಿಷಯ ಕರಾವಳಿಯವರಿಗೆ ಹೊಸದಲ್ಲ. ದಕ್ಷಿಣ ಕನ್ನಡದಲ್ಲೇ ಮಂಗಳೂರಿನ ಲ್ಯಾಟಿನ್ (ಅಂದರೆ ರೋಮನ್) ಧರ್ಮಪ್ರಾಂತ್ಯ (ಒಬ್ಬ ಬಿಷಪರ ಆಡಳಿತ ಪ್ರದೇಶ), ಬೆಳ್ತಂಗಡಿಯ ಸಿರೋ ಮಲಬಾರ್ ಧರ್ಮಪ್ರಾಂತ್ಯ, ಪುತ್ತೂರಿನ ಸಿರೋ ಮಲಂಕರ ಧರ್ಮಪ್ರಾಂತ್ಯ ಮೂರೂ ಇವೆ. ಮಂಗಳೂರಿನದೊಂದನ್ನೇ ತೆಗೆದುಕೊಂಡರೆ ಜಿಲ್ಲೆಯ ಕ್ಯಾಥೋಲಿಕರ ಲೆಕ್ಕ ಕಡಿಮೆ ಬರುತ್ತದೆ. ಭಾರತದ ಜನಗಣತಿ ಪಂಗಡವಾರು ಅಂಕಿ ಕೊಡುವುದಿಲ್ಲ. 2011ರಲ್ಲಿ ಕರ್ನಾಟಕದಲ್ಲಿ ಕ್ರೈಸ್ತರು 11.4 ಲಕ್ಷ ಎಂಬಲ್ಲಿಗೆ ಅದು ನಿಲ್ಲುತ್ತದೆ, ಅವರಲ್ಲಿ ಕ್ಯಾಥೋಲಿಕರೆಷ್ಟು ಎಂದು ತಿಳಿಯಲು ಧರ್ಮಪ್ರಾಂತ್ಯಗಳ ಲೆಕ್ಕವೇ ಗತಿ.

ಹೆಸರಿನಲ್ಲಿ "ಕ್ಯಾಥೋಲಿಕ್" ಇದ್ದೂ ರೋಮಿನೊಂದಿಗೆ ಸಂಬಂಧವಿಲ್ಲದ ಸಭೆಗಳನ್ನು ಬಿಡಬೇಕು. ಬ್ರೆಜಿಲ್‌ನ ಸ್ವತಂತ್ರ "ಬ್ರೆಜಿಲಿಯನ್ ಅಪೊಸ್ತಲಿಕ ಕ್ಯಾಥೋಲಿಕ್ ಸಭೆ"ಗೆ 2010ರಲ್ಲಿ 5.6 ಲಕ್ಷ ಜನರಿದ್ದರು, ಗಣತಿ ಅದಕ್ಕೆ ಬೇರೆ ಸಾಲು ಕೊಟ್ಟಿತ್ತು. ಫಿಲಿಪೀನ್ಸ್‌ನ ಅಗ್ಲಿಪಾಯ್ ಸಭೆ, ಯುರೋಪಿನ ಹಳೆ ಕ್ಯಾಥೋಲಿಕ್ ಸಭೆಗಳೂ ಇದೇ ಬಗೆಯವು. "ಕ್ರೈಸ್ತರು" ಎಂಬ ಒಟ್ಟು ಸಾಲನ್ನು ಕ್ಯಾಥೋಲಿಕ್ ಎಂದುಕೊಳ್ಳುವುದಂತೂ ದೊಡ್ಡ ತಪ್ಪು.

ಹಂತ 6: ಛೇದ ಯಾವುದು? ಇಡೀ ಕೆಲಸದ ಜೀವ ಇಲ್ಲಿದೆ

ಧರ್ಮದ ಪ್ರಶ್ನೆಗೆ ಉತ್ತರಿಸುವುದು ಅನೇಕ ದೇಶಗಳಲ್ಲಿ ಐಚ್ಛಿಕ. ಉತ್ತರಿಸದವರನ್ನು ಭಾಗಾಕಾರದಲ್ಲಿ ಸೇರಿಸುತ್ತೀರೋ ಬಿಡುತ್ತೀರೋ ಎಂಬುದರ ಮೇಲೆ ಬಹುಮತ ಬರುತ್ತದೆ, ಹೋಗುತ್ತದೆ. ಪ್ರತಿ ದೇಶಕ್ಕೂ ಮೂರು ಅಂಕಿ ತೆಗೆಯಿರಿ:

ಕನಿಷ್ಠ = ಕ್ಯಾಥೋಲಿಕರು ÷ ಒಟ್ಟು ಜನ
ಉತ್ತರಿಸಿದವರಲ್ಲಿ = ಕ್ಯಾಥೋಲಿಕರು ÷ (ಒಟ್ಟು ಜನ − ಉತ್ತರಿಸದವರು)
ಗರಿಷ್ಠ = (ಕ್ಯಾಥೋಲಿಕರು + ಉತ್ತರಿಸದವರು) ÷ ಒಟ್ಟು ಜನ

ಹಂಗೇರಿಯ 2011ರ ಗಣತಿಯನ್ನು ತೆಗೆದುಕೊಳ್ಳಿ. ಒಟ್ಟು ಜನ 99.4 ಲಕ್ಷ. ಕ್ಯಾಥೋಲಿಕರು, ಗ್ರೀಕ್ ಕ್ಯಾಥೋಲಿಕರೂ ಸೇರಿ, 38.7 ಲಕ್ಷ. ಉತ್ತರಿಸದವರು 27 ಲಕ್ಷ. ಕನಿಷ್ಠ ಶೇ 39. ಉತ್ತರಿಸಿದ 72.4 ಲಕ್ಷದಲ್ಲಿ ಶೇ 53.5. ಗರಿಷ್ಠ 66. ಒಂದೇ ಗಣತಿ, ಒಂದೇ ಕೋಷ್ಟಕ. ಒಬ್ಬರು "ಅಲ್ಪಸಂಖ್ಯಾತರು" ಎಂದು ಬರೆಯುತ್ತಾರೆ, ಇನ್ನೊಬ್ಬರು "ಬಹುಸಂಖ್ಯಾತರು" ಎನ್ನುತ್ತಾರೆ. 2022ರಲ್ಲಿ ಉತ್ತರಿಸದವರು ಶೇ 40ಕ್ಕೆ ಏರಿದರು. ಒಟ್ಟು ಜನರಲ್ಲಿ ಕ್ಯಾಥೋಲಿಕರು 29.2, ಉತ್ತರಿಸಿದವರಲ್ಲಿ ಸುಮಾರು 49. ಈಗ ಎರಡು ಲೆಕ್ಕದಲ್ಲೂ ಅರ್ಧಕ್ಕಿಂತ ಕೆಳಗೆ. ಆದರೂ ಗರಿಷ್ಠ 69 ಇರುವುದರಿಂದ ಈ ಗಣತಿಯೊಂದರಿಂದಲೇ ಕೊನೆಯ ಮಾತು ಹೇಳಲಾಗದು.

ಪೋಲೆಂಡ್‌ನದು ಬೇರೆಯೇ ಕತೆ. ಅಲ್ಲಿ 2011ರಲ್ಲಿ 87.6 ಇದ್ದದ್ದು 2021ರಲ್ಲಿ 71.3ಕ್ಕೆ ಬಂದಾಗ ಸಂಚಲನವೇ ಆಯಿತು. ಆದರೆ 2021ರಲ್ಲಿ ಶೇ 20.5 ಜನ ಉತ್ತರ ಕೊಡಲು ನಿರಾಕರಿಸಿದ್ದರು. ಉತ್ತರಿಸಿದವರಲ್ಲಿ ಲೆಕ್ಕ ಹಾಕಿದರೆ 90ರ ಹತ್ತಿರ. ಇಳಿಕೆ ನಿಜವಾಗಿ ಎಷ್ಟು ಎಂಬುದು ತಜ್ಞರಿಗೆ ಬಿಟ್ಟದ್ದು. ನಮ್ಮ ಪ್ರಶ್ನೆಗೆ ಉತ್ತರ ಸ್ಪಷ್ಟ, ನಿರಾಕರಿಸಿದವರಲ್ಲಿ ಒಬ್ಬರೂ ಕ್ಯಾಥೋಲಿಕರಲ್ಲ ಎಂದುಕೊಂಡರೂ 71 ಉಳಿಯುತ್ತದೆ. ಹೀಗಾಗಿ ನಿಯಮ ಇಷ್ಟು: ಕನಿಷ್ಠವೇ 50 ದಾಟಿದರೆ ಬಹುಮತ ಖಚಿತ. ಗರಿಷ್ಠವೂ 50 ಮುಟ್ಟದಿದ್ದರೆ ಬಹುಮತ ಇಲ್ಲವೆಂಬುದು ಖಚಿತ. 50 ಎಂಬುದು ಎರಡರ ನಡುವೆ ಬಿದ್ದರೆ "ಗಡಿಯಲ್ಲಿದೆ" ಎಂದು ಬರೆದು ಮುಂದಿನ ಹಂತಗಳಿಗೆ ಕಳಿಸಿ.

ಹಂತ 7: ಗಣತಿಯಿಲ್ಲದಲ್ಲಿ ಸಮೀಕ್ಷೆ

ಸಮೀಕ್ಷೆಯಲ್ಲಿ ಮೊದಲು ನೋಡಬೇಕಾದದ್ದು ಎಷ್ಟು ಜನರನ್ನು ಕೇಳಿದರು ಎಂಬುದು. ಕೈಲೆಕ್ಕಕ್ಕೆ 1ನ್ನು ಆ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ, ದೋಷದ ಮಿತಿ ಸಿಗುತ್ತದೆ. ಸಾವಿರ ಜನರಾದರೆ ಹೆಚ್ಚುಕಡಿಮೆ 3 ಅಂಶ ಆಚೀಚೆ, 2,400 ಜನರಾದರೆ 2 ಅಂಶ. ಸಾವಿರ ಜನರ ಸಮೀಕ್ಷೆಯಲ್ಲಿ ಶೇ 52 ಬಂದರೆ ಅದು ಬಹುಮತಕ್ಕೆ ಸಾಕ್ಷಿಯಲ್ಲ.

ಅರ್ಜೆಂಟೀನಾದಲ್ಲಿ ಸರಕಾರಿ ಸಂಶೋಧನಾ ಮಂಡಳಿ ಕೊನಿಸೆಟ್ ನಡೆಸಿದ ಸಮೀಕ್ಷೆಗಳಲ್ಲಿ 2008ರಲ್ಲಿ 76.5, 2019ರಲ್ಲಿ 62.9 ಬಂತು. ಮಿತಿ ಕಳೆದರೂ ಅರ್ಧಕ್ಕಿಂತ ಬಹಳ ಮೇಲಿರುವುದರಿಂದ ಬಹುಮತ ಎನ್ನಬಹುದು. ಸ್ಪೇನ್‌ನಲ್ಲಿ ಸಿಐಎಸ್ ಸಂಸ್ಥೆ ತಿಂಗಳು ತಿಂಗಳೂ ಕೇಳುತ್ತದೆ. ಅಲ್ಲೊಂದು ಬಲೆ ಇದೆ: "ಆಚರಿಸುವ ಕ್ಯಾಥೋಲಿಕ್", "ಆಚರಿಸದ ಕ್ಯಾಥೋಲಿಕ್" ಎಂದು ಎರಡು ಸಾಲು. ಮೊದಲನೆಯದು 20ರ ಆಸುಪಾಸು, ಎರಡನೆಯದು ಅದಕ್ಕಿಂತ ಬಹಳ ದೊಡ್ಡದು. ಎರಡನ್ನೂ ಕೂಡಿಸಿದಾಗ ಈಚಿನ ವರ್ಷಗಳಲ್ಲಿ 55ರ ಹತ್ತಿರ ಬರುತ್ತದೆ. ಮೊದಲ ಸಾಲೊಂದನ್ನೇ ಓದಿ ಸ್ಪೇನನ್ನು ಪಟ್ಟಿಯಿಂದ ಕಿತ್ತವರಿದ್ದಾರೆ.

ಪ್ರಶ್ನೆ ಒಂದು ಮೆಟ್ಟಿಲಿನದೋ ಎರಡು ಮೆಟ್ಟಿಲಿನದೋ ನೋಡಿ. ಯುರೋಪಿಯನ್ ಸೋಶಿಯಲ್ ಸರ್ವೆ ಮೊದಲು "ನೀವು ಯಾವುದಾದರೂ ಧರ್ಮಕ್ಕೆ ಸೇರಿದವರೆಂದು ಭಾವಿಸುತ್ತೀರಾ?" ಎಂದು ಕೇಳಿ, ಹೌದು ಎಂದವರಿಗೆ ಮಾತ್ರ ಯಾವುದು ಎನ್ನುತ್ತದೆ. ಹೆಸರಿಗೆ ಮಾತ್ರ ಕ್ಯಾಥೋಲಿಕ್ ಆಗಿರುವವರು ಮೊದಲ ಮೆಟ್ಟಿಲಲ್ಲೇ ಇಳಿದುಬಿಡುತ್ತಾರೆ, ಪಾಲು ಕಡಿಮೆ ಕಾಣುತ್ತದೆ. ನೇರವಾಗಿ ಧರ್ಮಗಳ ಪಟ್ಟಿ ತೋರಿಸಿ ಕೇಳಿದರೆ ಅದೇ ದೇಶದಲ್ಲಿ ಹೆಚ್ಚು ಬರುತ್ತದೆ. ಎರಡು ಬಗೆಯಲ್ಲೂ 50 ದಾಟಿದರೆ ಮಾತ್ರ ಖಚಿತ ಎನ್ನಿ.

ಹಂತ 8: ಚರ್ಚಿನ ಅಂಕಿಯನ್ನು ಹೇಗೆ ಬಳಸುವುದು

ಪ್ರತಿ ಧರ್ಮಕೇಂದ್ರ (ಸ್ಥಳೀಯ ಚರ್ಚು) ತನ್ನ ಲೆಕ್ಕವನ್ನು ಧರ್ಮಪ್ರಾಂತ್ಯಕ್ಕೆ, ಅದು ರೋಮಿಗೆ ಕಳಿಸುತ್ತದೆ. ಡಿಸೆಂಬರ್ 31ಕ್ಕೆ ಇದ್ದಂತೆ ಕೂಡಿಸಿ ವ್ಯಾಟಿಕನ್ ತನ್ನ ವಾರ್ಷಿಕ ಗ್ರಂಥಗಳಲ್ಲಿ ಪ್ರಕಟಿಸುತ್ತದೆ. 2023ರ ಕೊನೆಗೆ ಜಗತ್ತಿನಲ್ಲಿ 140.6 ಕೋಟಿ ಕ್ಯಾಥೋಲಿಕರು ಎಂಬ ಅಂಕಿ ಹೀಗೆ ಬಂದದ್ದು. ಒಮ್ಮೆ ಜ್ಞಾನಸ್ನಾನ ಆದವರು ಚರ್ಚಿನ ಕಾನೂನಿನಲ್ಲಿ ಕ್ಯಾಥೋಲಿಕರಾಗಿಯೇ ಉಳಿಯುತ್ತಾರೆ. ವಿಧಿವತ್ತಾಗಿ ಸಭೆ ತೊರೆಯುವುದರ ಉಲ್ಲೇಖವನ್ನು ಕೂಡ 2009ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ವಿವಾಹದ ಕಾನೂನಿನಿಂದ ತೆಗೆದರು. ಬೇರೆ ಸಭೆಗೆ ಹೋದವರು, ನಂಬಿಕೆ ಬಿಟ್ಟವರು ಈ ಲೆಕ್ಕದಿಂದ ಸುಲಭವಾಗಿ ಹೊರಬೀಳುವುದಿಲ್ಲ. ಬ್ರೆಜಿಲ್‌ನ ಎಂಟು ಕೋಟಿ ಅಂತರಕ್ಕೆ ಮುಖ್ಯ ಕಾರಣ ಇದೇ. ಫಿಲಿಪೀನ್ಸ್‌ನಲ್ಲಿ ಅಂತರ ಸಣ್ಣದು: ಚರ್ಚಿನ ಲೆಕ್ಕ 9.3 ಕೋಟಿ, 2020ರ ಗಣತಿ 8.56 ಕೋಟಿ, ಅಂದರೆ ಶೇ 78.8.

ಇದಕ್ಕೆ ವಿರುದ್ಧ ಆಸ್ಟ್ರಿಯಾ ಮತ್ತು ಜರ್ಮನಿ. ಅಲ್ಲಿ ಸದಸ್ಯರು ಚರ್ಚಿಗೆ ವಂತಿಗೆ ಅಥವಾ ತೆರಿಗೆ ಕಟ್ಟಬೇಕು, ಬೇಡವಾದರೆ ಸರಕಾರಿ ಕಚೇರಿಯಲ್ಲಿ ಬರೆದುಕೊಟ್ಟು ಹೊರಬರಬಹುದು. ಹಾಗಾಗಿ ಸದಸ್ಯತ್ವದ ಲೆಕ್ಕ ವರ್ಷವರ್ಷವೂ ತಾಜಾ. ಆಸ್ಟ್ರಿಯಾದಲ್ಲಿ 2001ರ ಗಣತಿಯಲ್ಲಿ ಸುಮಾರು 74, 2021ರ ಅಧಿಕೃತ ಸಮೀಕ್ಷೆಯಲ್ಲಿ 55.2. 2024ರ ಕೊನೆಗೆ ಸದಸ್ಯರು ಸುಮಾರು 45.6 ಲಕ್ಷ, ದೇಶದ ಜನ ಸುಮಾರು 92 ಲಕ್ಷ. ಅರ್ಧಕ್ಕಿಂತ ಸ್ವಲ್ಪವೇ ಕೆಳಗೆ. ಹಳೆಯ ಪಟ್ಟಿಗಳಲ್ಲೆಲ್ಲ ಆಸ್ಟ್ರಿಯಾ ಬಹುಸಂಖ್ಯಾತರ ಸಾಲಿನಲ್ಲೇ ಇದೆ. ಈಗ ಅದನ್ನು "ಗಡಿ"ಗೆ ಸರಿಸಬೇಕು.

ಅತಿ ಕಷ್ಟದ್ದು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ. ಕೊನೆಯ ಜನಗಣತಿ ನಡೆದದ್ದು 1984ರಲ್ಲಿ. ಚರ್ಚಿನ ಲೆಕ್ಕ ಸುಮಾರು 5.5 ಕೋಟಿ, ಅಂದಾಜು ಜನಸಂಖ್ಯೆ ಹತ್ತು ಕೋಟಿಗೂ ಹೆಚ್ಚು. ಭಾಗಿಸಿದರೆ ಅರ್ಧದ ಆಸುಪಾಸು. 2014ರ ಅಂದಾಜೊಂದರಲ್ಲಿ ಕ್ಯಾಥೋಲಿಕರು ಶೇ 30ರ ಹತ್ತಿರ. ಇಲ್ಲಿ ಭಾಜ್ಯವೂ ಅಂದಾಜು, ಛೇದವೂ ಅಂದಾಜು. "ಅನಿಶ್ಚಿತ" ಎಂದು ಬರೆಯುವುದೇ ಪ್ರಾಮಾಣಿಕತೆ. ಚರ್ಚಿನ ಲೆಕ್ಕದಂತೆ ಕ್ಯಾಥೋಲಿಕರ ತಲೆಯೆಣಿಕೆ ಅತಿ ಹೆಚ್ಚಿರುವ ಆಫ್ರಿಕನ್ ದೇಶ ಎಂದು ಹೇಳಲು ಅಡ್ಡಿಯಿಲ್ಲ, ಬಹುಸಂಖ್ಯಾತ ದೇಶ ಎನ್ನಲು ಆಧಾರ ಸಾಲದು.

ಹಂತ 9: ಕೋಷ್ಟಕ ತುಂಬಿ, ತೀರ್ಪು ಬರೆಯಿರಿ

ಎಕ್ಸೆಲ್ ಹಾಳೆಯಲ್ಲಿ ಈ ಕಾಲಂಗಳಿರಲಿ: ದೇಶ, ವರ್ಷ, ಮೂಲ (ಗಣತಿ, ಸಮೀಕ್ಷೆ, ಚರ್ಚು), ವಯಸ್ಸಿನ ಮಿತಿ, ಕನಿಷ್ಠ, ಉತ್ತರಿಸಿದವರಲ್ಲಿ, ಗರಿಷ್ಠ, ಹಿಂದಿನ ಅಂಕಿ, ತೀರ್ಪು. ಹಿಂದಿನ ಅಂಕಿ ಏಕೆಂದರೆ ದತ್ತಾಂಶ ಹಳೆಯದಾದಷ್ಟೂ ನಂಬಿಕೆ ಕಡಿಮೆ. ಸ್ಲೊವೇನಿಯಾದ 57.8ಕ್ಕೆ ಎರಡು ದಶಕ ದಾಟಿದೆ, ಅದನ್ನು ಇಂದಿನ ಅಂಕಿಯಂತೆ ಬರೆಯಲಾಗದು. ರುವಾಂಡಾದಲ್ಲಿ 2002ರಲ್ಲಿ ಅರ್ಧದ ಹತ್ತಿರವಿದ್ದವರು 2022ರಲ್ಲಿ 40ಕ್ಕೆ ಇಳಿದರು. ಕೊನೆಯ ಎರಡು ಗಣತಿಗಳ ಇಳಿಕೆ ನೋಡಿ: ಕ್ರೊವೇಷಿಯಾ 86.3ರಿಂದ 79ಕ್ಕೆ ಬಂದಿದೆ, ಅರ್ಧ ಇನ್ನೂ ದೂರ. ಬ್ರೆಜಿಲ್ ಹನ್ನೆರಡು ವರ್ಷದಲ್ಲಿ 8.4 ಅಂಶ ಇಳಿದಿದೆ, ಅರ್ಧಕ್ಕೆ ಉಳಿದಿರುವುದು 6.7 ಅಂಶ. ಜಗತ್ತಿನ ಅತಿ ದೊಡ್ಡ ಕ್ಯಾಥೋಲಿಕ್ ದೇಶದ ಬಹುಮತ ಮುಂದಿನ ಗಣತಿಗೆ ಉಳಿಯುತ್ತದೆಯೇ ಎಂಬುದು ತೆರೆದ ಪ್ರಶ್ನೆ.

ಈ ಕ್ರಮದಲ್ಲಿ ನಡೆದರೆ ಪೂರ್ವ ಟಿಮೋರ್, ಫಿಲಿಪೀನ್ಸ್, ಮೆಕ್ಸಿಕೊ, ಪೆರು, ಪೋಲೆಂಡ್, ಪೋರ್ಚುಗಲ್, ಮಾಲ್ಟಾ, ಕ್ರೊವೇಷಿಯಾ, ಲಿಥುವೇನಿಯಾ (2021ರಲ್ಲಿ 74.2), ಐರ್ಲೆಂಡ್, ಲಿಕ್ಟೆನ್‌ಸ್ಟೈನ್ (2020ರಲ್ಲಿ 69.6) ನಿಶ್ಚಿಂತೆಯಿಂದ "ಖಚಿತ" ಸಾಲಿಗೆ ಬರುತ್ತವೆ. ಬ್ರೆಜಿಲ್, ಸ್ಲೊವಾಕಿಯಾ, ಸ್ಪೇನ್ "ಈಗ ಹೌದು, ಇಳಿಯುತ್ತಿದೆ" ಎಂಬ ಸಾಲಿಗೆ. ಬುರುಂಡಿ ಬಹುಮತದ್ದೇ, ಆದರೆ ಅಂಕಿ ಹಳೆಯದು ಎಂಬ ಗುರುತಿನೊಂದಿಗೆ. ಆಸ್ಟ್ರಿಯಾ, ಹಂಗೇರಿ, ಕೋಸ್ಟರಿಕಾ ಗಡಿಯಲ್ಲಿ.

ಗಡಿಯ ಸಾಲನ್ನು ವರ್ಷಕ್ಕೊಮ್ಮೆ ತಿರುಗಿ ನೋಡಿ. ಆಸ್ಟ್ರಿಯಾದ ಚರ್ಚು ವರ್ಷಕ್ಕೊಮ್ಮೆ ಸದಸ್ಯರ ಅಂಕಿ ಕೊಡುತ್ತದೆ, ಸಿಐಎಸ್ ತಿಂಗಳಿಗೊಮ್ಮೆ. ಖಚಿತ ಸಾಲಿನವಕ್ಕೆ ಮುಂದಿನ ಗಣತಿ ಬರುವವರೆಗೆ ಕೈಹಾಕಬೇಕಿಲ್ಲ. ಯುರೋಪಿನ ಹೆಚ್ಚಿನ ದೇಶಗಳ ಗಣತಿಯ ಸುತ್ತು 2031ಕ್ಕೆ, ಧರ್ಮವಾರು ಕೋಷ್ಟಕ ಹೊರಬರಲು ಅದರ ಮೇಲೆ ಒಂದೆರಡು ವರ್ಷ. ಬ್ರೆಜಿಲ್ 2022ರಲ್ಲಿ ಎಣಿಸಿದ ಧರ್ಮದ ಅಂಕಿಯನ್ನು ಪ್ರಕಟಿಸಿದ್ದು 2025ರ ಜೂನ್‌ನಲ್ಲಿ. ಹೀಗಾಗಿ ಕೋಷ್ಟಕದಲ್ಲಿ ಎಣಿಸಿದ ವರ್ಷವನ್ನೇ ಬರೆಯಿರಿ, ಪ್ರಕಟಿಸಿದ ವರ್ಷವನ್ನಲ್ಲ.